ನಾಜಲ್ಲಿನ ಮೇಲೊಂದು ಚುಕ್ಕೆ

ವಿಶ್ವನಾಥ ಶರಟಿನ ಜೇಬಿನಿಂದ ಮಗಳ ಉಗುರುಬಣ್ಣದ ಸೀಸೆ ತೆಗೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದಕ್ಕೆ ತಿರುಗಿದ. ಜಪಾನಿನ ಫುನಾಬೊರಿಯ ಆ ಪಾರ್ಕಿಂಗ್ ಜಾಗದಲ್ಲಿ ಒಂದು ಕಾಗೆ ಬಿಟ್ಟರೆ ಬೇರೆ ಜೀವವಿರಲಿಲ್ಲ. ಟ್ರಕ್ಕಿನ ಕ್ಯಾಬಿನ್ನನ್ನು ಅವನೇ ಮುಂದಕ್ಕೆ ಬಾಗಿಸಿ ನಿಲ್ಲಿಸಿದ್ದ. ಅದರಡಿ ಬಾಯಿ ತೆರೆದುಕೊಂಡ ಎಂಜಿನ್ನಿನ ಮೇಲೆ ಬಗ್ಗಿ, ಸಾಲಾಗಿ ಕೂತ ನಾಜಲ್ಲುಗಳ ಕತ್ತಿಗೆ ಒಂದೊಂದು ಕೆಂಪು ಚುಕ್ಕೆ ಇಟ್ಟ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಈ ಪುಟ್ಟ ಸಾಮಾನಿನ ಮೇಲೆಯೇ ಕಳ್ಳ ಮೇಸ್ತ್ರಿಯ ಕಣ್ಣು ಮೊದಲು ಬೀಳುವುದು. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದಾಗ ಅಂಥವರನ್ನು ಎಷ್ಟು ಮಂದಿ ನೋಡಿಲ್ಲ ಅವನು? ಹಳೆಯದನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಹೊಸದು ಹಾಕಿದೆ ಎಂದು ಕೈಯೊಡ್ಡುವವರು. ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುಂಚೆ ಗುಟ್ಟಾಗಿ ಚುಕ್ಕೆ ಇಟ್ಟರೆ, ಕೆಲಸ ಮುಗಿದ ಮೇಲೆ ಆ ಚುಕ್ಕೆಯೇ ಸಾಕ್ಷಿ ಹೇಳುತ್ತದೆ.

ಟ್ರಕ್ಕು ಮಗಳು ಪ್ರಣತಿಯದು. ವಾರದ ಕೊನೆಯಲ್ಲಿ ಅದನ್ನು ನದಿ ದಂಡೆಯ ಮೈದಾನದಲ್ಲಿ ನಿಲ್ಲಿಸಿ ದೋಸೆ ಮಾರುತ್ತಾಳೆ. ವಯಸ್ಸಾದ ಗಾಡಿ; ಸೇತುವೆಯ ಏರು ಕಂಡರೆ ಬಿಳಿ ಹೊಗೆ ಬಿಟ್ಟು ಏದುಸಿರು ಬಿಡುತ್ತಿತ್ತು. ಒಬ್ಬ ಮೆಕ್ಯಾನಿಕ್ ಎಂಜಿನ್ನೇ ಬದಲಿಸಬೇಕು ಎಂದ. ಇನ್ನೊಬ್ಬ ಗುಜರಿಗೆ ಹಾಕಿ ಎಂದ. ಊರಿನಿಂದ ಬಂದು ಮಗಳ ಮನೆಯಲ್ಲಿದ್ದ ವಿಶ್ವನಾಥ, ಅವಳು ತನ್ನನ್ನು ಕೇಳುತ್ತಾಳೆ ಎಂದು ಕಾದಿದ್ದ. ಲಾರಿಯ ಬಂಪರಿನ ಮೇಲೆ ಹತ್ತಿ ನಿಂತು, ಅವನು ಎಂಜಿನ್ನಿಗೆ ಆನಿಸಿ ಹಿಡಿದ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು "ಅಪ್ಪಾ, ಟಿಕ್ ಟಿಕ್ ಅಂತಿದೆ" ಎನ್ನುತ್ತಿದ್ದ ಹುಡುಗಿಯಲ್ಲವೇ ಇವಳು? ಆದರೆ ಅವಳು ಹೋಗಿ ನದಿಯಾಚೆಯ ಉರಯಾಸುವಿನಲ್ಲಿ ಇಶಿದಾ ಎಂಬ ಮುದುಕ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಬಂದಳು.

ಅಂದಿನಿಂದ ಮನೆಯಲ್ಲಿ ಅವನದೇ ಪಾರಾಯಣ. ಇಶಿದಾ ಕಬ್ಬಿಣದ ಸರಳು ಹಿಡಿದು ತುಂಬಾ ಹೊತ್ತು ಎಂಜಿನ್ನಿಗೆ ಕಿವಿಗೊಟ್ಟರಂತೆ. ನಾಜಲ್ ಬದಲಿಸಿದರೆ ಸಾಕು, ಬೇರೇನೂ ಮುಟ್ಟಬೇಡಿ ಅಂದರಂತೆ. ಫೋನಿನಲ್ಲಿ ಮಾತಾಡುವಾಗ ಅವಳು ಅವನನ್ನು ಓಯಾಜಿ-ಸಾನ್ ಎಂದು ಕರೆದು ನಗುತ್ತಿದ್ದಳು. ಹಾಗೆಂದರೇನೆಂದು ವಿಶ್ವನಾಥ ಅಳಿಯ ಶ್ರೀಹರ್ಷನನ್ನು ಕೇಳಿದ.

"ಓಯಾಜಿ ಅಂದ್ರೆ ಅಪ್ಪ ಅಂತ, ಮಾವ," ಎಂದ ಶ್ರೀಹರ್ಷ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ. "ಅಂಗಡಿ ಯಜಮಾನ್ರನ್ನೂ ಹಂಗೇ ಕರೀತಾರೆ. ಜಸ್ಟ್ ಸಲಿಗೆಗೆ."

ವಿಶ್ವನಾಥನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. ಮರುದಿನ ಬೆಳಿಗ್ಗೆ ದೀಪ ಹಚ್ಚುವಾಗ ಎಂದೂ ಬೇಡದ್ದನ್ನು ಬೇಡಿಕೊಂಡ: ಆ ಇಶಿದಾ ಕಳ್ಳನಾಗಿರಲಿ, ಸ್ವಾಮಿ.

ಗಾಡಿ ತರಲು ಹೋಗುವ ದಿನ ತಾನೂ ಬರುತ್ತೇನೆಂದು ಹೊರಟ. ಉರಯಾಸುವಿನ ಹಳೇ ಬೀದಿಯಲ್ಲಿ, ದೋಣಿ ಕಟ್ಟುವ ಕಾಲುವೆಯ ಪಕ್ಕ ಗ್ಯಾರೇಜು. ಇಶಿದಾ ತಲೆಗೆ ಟವೆಲ್ ಬಿಗಿದುಕೊಂಡ ಒಣಕಲು ಆಳು, ಹೆಚ್ಚುಕಡಿಮೆ ತನ್ನದೇ ವಯಸ್ಸು. ಬಿಚ್ಚಿದ ಹಳೇ ಸಾಮಾನನ್ನೆಲ್ಲ ನ್ಯೂಸ್‌ಪೇಪರಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಿದ್ದ. ನಾಜಲ್ಲುಗಳೆಲ್ಲ ಅಲ್ಲಿದ್ದವು, ಒಂದೂ ತಪ್ಪದೆ. ಕತ್ತಿನಲ್ಲಿ ಕೆಂಪು ಚುಕ್ಕೆ. ಕಳ್ಳತನ ನಡೆದಿರಲಿಲ್ಲ; ವಿಶ್ವನಾಥ ಅವನ್ನು ಮತ್ತೊಮ್ಮೆ ಎಣಿಸಿದ.

ಇಶಿದಾ ಒಂದು ನಾಜಲ್ ಎತ್ತಿ, ಚುಕ್ಕೆ ತೋರಿಸಿ ಏನೋ ಕೇಳಿದ. ಪ್ರಣತಿ ಬಗ್ಗಿ ನೋಡಿದಳು. ಆಮೇಲೆ ತನ್ನ ಉಗುರು ನೋಡಿಕೊಂಡಳು. ಆ ಚುಕ್ಕೆಯ ಅರ್ಥ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಚುಕ್ಕೆ ಇಡುವಾಗ ಟಾರ್ಚು ಹಿಡಿದವಳೇ ಅವಳು. ಇಶಿದಾನಿಗೆ ಜಪಾನಿಯಲ್ಲಿ ಎರಡು ಮಾತು ಹೇಳಿದಳು. ಇಶಿದಾ ಕೈ ಒರೆಸಿಕೊಂಡು, ವಿಶ್ವನಾಥನ ಎದುರು ಸೊಂಟ ಬಗ್ಗಿಸಿ ನಮಿಸಿದ.

"ಏನಂದೆ ಅವನಿಗೆ?"

"ನಮ್ಮಪ್ಪನ ಕೈ ಗುರುತು ಅಂದೆ, ಅಷ್ಟೆ." ಅವಳ ದನಿ ತಗ್ಗಿತು. "ಇಲ್ಲಿ ಬೋಲ್ಟ್ ಬಿಗಿ ಮಾಡಿದ್ಮೇಲೆ ಪೇಂಟಲ್ಲಿ ಗೆರೆ ಹಾಕ್ತಾರೆ. ನಾನು ಬಿಗಿ ಮಾಡಿದೀನಿ, ಇದಕ್ಕೆ ನಾನೇ ಜವಾಬ್ದಾರಿ ಅಂತ. ನೀನೂ ಹಂಗೇ ಹಾಕಿದೀಯ ಅಂದ್ಕೊಂಡಿದಾರೆ. ನೀನು ಯಾಕೆ ಹಾಕಿದ್ದು ಅಂತ ನಂಗೊತ್ತು, ಅಪ್ಪಾ. ಅವ್ರಿಗೆ ಗೊತ್ತಾಗೋದು ಬೇಡ."

ಇಶಿದಾ ಕ್ಯಾಬಿನ್ ಬಾಗಿಸಿ ಒಳಗೆ ಟಾರ್ಚು ಬಿಟ್ಟ. ಹೊಸ ಬೋಲ್ಟುಗಳ ಮೇಲೆಲ್ಲ ಕೂದಲೆಳೆಯಂಥ ಬಿಳಿ ಗೆರೆ. ಕೊನೆಯ ನಾಜಲ್ಲಿನ ಬೋಲ್ಟು ಮಾತ್ರ ಖಾಲಿ ಇತ್ತು. ಅವನು ಪೇಂಟ್ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ವಿಶ್ವನಾಥನ ಮುಂದೆ ನೀಡಿದ.

ವಿಶ್ವನಾಥ ಪೆನ್ನು ತೆಗೆದುಕೊಳ್ಳಲಿಲ್ಲ. ಮೊದಲು ಸ್ಪ್ಯಾನರ್ ಎತ್ತಿಕೊಂಡು ಆ ಬೋಲ್ಟಿಗೆ ಹಾಕಿ ನೋಡಿದ. ಕೂದಲಷ್ಟಾದರೂ ಸಡಿಲವಿದ್ದೀತೆಂದು ಮನಸ್ಸು ಬಯಸಿತು. ಬೋಲ್ಟು ಜಗ್ಗಲಿಲ್ಲ.

"ಓಯಾಜಿ-ಸಾನ್," ಎಂದು ಪ್ರಣತಿ ಇಶಿದಾನಿಗೆ ಟಾರ್ಚು ಇತ್ತ ತಿರುಗಿಸುವಂತೆ ಕೈ ಮಾಡಿದಳು. ಆ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿತ್ತು. ಆಮೇಲೆ ಇತ್ತ ತಿರುಗಿ, "ಹಾಕಪ್ಪಾ," ಎಂದಳು.

ವಿಶ್ವನಾಥ ಪೆನ್ನು ತೆಗೆದುಕೊಂಡ. ಇಶಿದಾ ಎಳೆದ ಗೆರೆಗಳನ್ನು ಇನ್ನೊಮ್ಮೆ ನೋಡಿ, ತನ್ನದನ್ನು ಅವಕ್ಕಿಂತ ಒಂದು ರಾಗಿಕಾಳಿನಷ್ಟು ದಪ್ಪಗೆ ಎಳೆದ. ಬಿಳಿ ಬಣ್ಣ ಟಾರ್ಚಿನ ಬೆಳಕಿನಲ್ಲಿ ಹಸಿಹಸಿಯಾಗಿ ಹೊಳೆಯುತ್ತಿತ್ತು. ಕ್ಯಾಬಿನ್ ಇಳಿಸಲು ಕೈಯಿಟ್ಟಿದ್ದ ಪ್ರಣತಿ, ಅದು ಒಣಗಲಿ ಎಂದು ಹಾಗೆಯೇ ನಿಂತಳು.