ಗೆರೆಯಾಚೆ ಬಿದ್ದ ಗೋರಿ

"ಅತ್ತಿಗೆ, ಇದು ನೆಲ ಅಲ್ಲ, ಕಬ್ಬಿಣ," ಎಂದ ರಾಯ್ಕೊ, ಹಾರೆ ಊರಿ ನಿಂತು. "ನಮ್ಮಜ್ಜ ಇಂಥದೇ ಚಳೀಲಿ ಉಚ್ಚೆಗೆ ನಿಂತಿದ್ನಂತೆ. ಹೊಯ್ತಾ ಹೊಯ್ತಾನೇ ಗಟ್ಟಿಯಾಗಿ ಕಂಬ ಆಯ್ತು. ಅದಕ್ಕೇ ಕುದುರೆ ಕಟ್ಟಿ ಒಳಗೆ ಹೋದ."

ಪಕ್ಕದ ಗೋರಿಯಲ್ಲಿ ತನ್ನಪ್ಪನನ್ನು ಅಗೆದು ತೆಗೆಯುತ್ತಿದ್ದ ಮ್ಲಾಜೆನ್ ನಕ್ಕುಬಿಟ್ಟ. "ಎಷ್ಟು ದಿನ ಕಟ್ಟಿತ್ತೋ ಕುದುರೆ?"

"ಈಸ್ಟರ್‌ವರೆಗೂ. ಆಮೇಲೆ ಕಂಬ ಕರಗಿ ಕುದುರೆ ಓಡಿಹೋಯ್ತು."

ಅತ್ತಿಗೆ ದೆಸಾಂಕ ನಗಲಿಲ್ಲ. "ಬಾಯಿ ಸಾಕು. ಹಾರೆ ಆಡ್ಲಿ."

ದೊಡ್ಡವರೆಲ್ಲ ಅಮೆರಿಕದಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆದು, ಯುದ್ಧ ಮುಗಿಯಿತು ಎಂದು ಸಹಿ ಹಾಕಿದ್ದರು. ಸಾರಾಯೆವೊ ಊರಂಚಿನ ಈ ಕ್ರೈಸ್ತ ಸರ್ಬರ ಕೇರಿ ಗೆರೆಯಾಚೆ, ಮುಸ್ಲಿಮರ ಪಾಲಿಗೆ ಬಿತ್ತು. ಕೇರಿ ಒಪ್ಪಿಸಲು ಇನ್ನು ಐದೇ ದಿನ. ಜನ ಬಾಗಿಲು, ಕಿಟಕಿ, ನಲ್ಲಿ ಎಲ್ಲ ಕಿತ್ತು ಲಾರಿಗೆ ತುಂಬಿದರು. ಕೊನೆಗೆ ಸತ್ತವರನ್ನೂ ಬಿಡಲಿಲ್ಲ. ಇಲ್ಲೇ ಬಿಟ್ಟರೆ ಅವರಿಗೆ ಮೊಂಬತ್ತಿ ಹಚ್ಚುವವರು ಯಾರು?

ಅವರಿಬ್ಬರೂ ಅಗೆಯುತ್ತಿದ್ದ ಈ ಗೋರಿಯಲ್ಲಿ ದೆಸಾಂಕಳ ಮಗ ಸಿನಿಶ ಇಲ್ಲ ಎನ್ನುವುದು ಗೊತ್ತಿದ್ದದ್ದು ಅವನ ಚಿಕ್ಕಪ್ಪ ರಾಯ್ಕೊ ಒಬ್ಬನಿಗೇ. ಎರಡು ವರ್ಷದ ಹಿಂದೆ ಇಬ್ಬರೂ ಜೊತೆಗೆ ಹೋಗಿದ್ದ ಗುಡ್ಡದ ಮೇಲಿನ ಕಾಳಗದಿಂದ ಇವನು ಒಬ್ಬನೇ ಓಡಿಬಂದಿದ್ದ. ಬರಿಗೈಯಲ್ಲಿ ಅತ್ತಿಗೆಯ ಮುಂದೆ ನಿಲ್ಲುವ ಧೈರ್ಯವಾಗದೆ, ಪೆಟ್ಟಿಗೆಗೆ ಪ್ಲಮ್ ಮರದ ಕೊರಡು ತುಂಬಿ ಮೊಳೆ ಬಡಿದು ತಂದಿದ್ದ. ಎದೆಗೆ ಒಂದೇ ಗುಂಡು, ನಗುತ್ತಾ ಹೋದ, ಹೆಣ ಸಿಗುವುದು ತಡವಾಯಿತು, ತೆರೆಯಬೇಡಿ ಎಂದಿದ್ದ. ಅವನು ಅಷ್ಟು ಚೆನ್ನಾಗಿ ಹೇಳಿದ ಕತೆ ಬೇರೆ ಇರಲಿಲ್ಲ.

"ಅತ್ತಿಗೆ, ಮಲಗಿರೋನನ್ನ ಯಾಕೆ ಎಬ್ಬಿಸ್ತೀಯಾ? ಪಾದ್ರಿನ ಒಂದು ಮಾತು ಕೇಳೋಣ."

"ಪಾದ್ರಿ ನಿನ್ನೇನೇ ಗಂಟೆ ಬಿಚ್ಕೊಂಡು ಹೋದ. ಕೊಡಿಲ್ಲಿ ಹಾರೆ."

ಅವಳೇ ಗುಂಡಿಗಿಳಿದಳು. ಮಧ್ಯಾಹ್ನದ ಹೊತ್ತಿಗೆ ಹಲಗೆ ಕಂಡಿತು. ಹಗ್ಗ ಹಾಕಿ, ಇಬ್ಬರೇ ಉಸಿರು ಕಟ್ಟಿ ಎಳೆದರು. ಪೆಟ್ಟಿಗೆ ಅಂಚಿಗೆ ಬರುವಷ್ಟರಲ್ಲಿ ನೆನೆದ ಪಕ್ಕದ ಹಲಗೆ ಸೀಳಿತು. ಒಂದು ಕೊರಡು ತೊಗಟೆ ಸಮೇತ ಹೊರಗಿಣುಕಿತು.

ದೆಸಾಂಕ ನೋಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ತಲೆಯ ಶಾಲು ಎಳೆದು ಸೀಳಿನ ಮೇಲೆ ಹೊದಿಸಿ, ಅದರ ಮೇಲೇ ಕೂತಳು. ಮ್ಲಾಜೆನ್ ಬೆನ್ನು ತಿರುಗಿಸಿಕೊಂಡು ಅಗೆಯುತ್ತಲೇ ಇದ್ದ.

"ಎಲ್ಲಿದ್ದಾನೆ?" ಎಂದಳು ಮೆಲ್ಲಗೆ.

ರಾಯ್ಕೊ ಎದುರು ಗುಡ್ಡಕ್ಕೆ ಗದ್ದ ಎತ್ತಿ ತೋರಿಸಿದ.

"ನೀನು ಬಿಟ್ಟು ಬಂದಾಗ ಉಸಿರಿತ್ತಾ?"

ಇಲ್ಲ ಅತ್ತಿಗೆ, ಒಂದೇ ಗುಂಡು ಎಂದರೆ ಮುಗಿಯುತ್ತಿತ್ತು. ಎರಡು ವರ್ಷ ಬಾಯಿಪಾಠವಾಗಿದ್ದ ಮಾತು. ಆದರೆ ಗುಡ್ಡದಿಂದ ಇಳಿದು ಓಡುವಾಗ ಹಿಂದಿನಿಂದ ಬಂದ ಕೂಗು ಕಿವಿ ತುಂಬಿತು: "ಚಿಕ್ಕಪ್ಪಾ, ಕಾಲು ಬರ್ತಿಲ್ಲ, ನಿಲ್ಲು ಚಿಕ್ಕಪ್ಪಾ." ರಾಯ್ಕೊ ಬಗ್ಗಿ, ಬಿದ್ದಿದ್ದ ಹಗ್ಗ ಸುತ್ತತೊಡಗಿದ.

ಅವನು ಸುತ್ತಿ ಮುಗಿಸುವವರೆಗೂ ಅವಳು ನೋಡಿದಳು. ಆಮೇಲೆ, ತಿಳಿಯಿತು ಎನ್ನುವಂತೆ ತಲೆಯಾಡಿಸಿದಳು.

ಲಾರಿ ಬಂತು. ನಾಲ್ಕು ಜನ ಪೆಟ್ಟಿಗೆ ಎತ್ತಿದರು. "ಅಬ್ಬಾ, ಹುಡುಗ ಇನ್ನೂ ಗಟ್ಟಿಮುಟ್ಟಾಗಿದಾನೆ ಕಣಕ್ಕಾ," ಎಂದ ಒಬ್ಬ, ಸಮಾಧಾನಕ್ಕೆಂದು.

"ಹೂಂ, ಅವರಪ್ಪನ ಮೈಕಟ್ಟು," ಎಂದಳು ದೆಸಾಂಕ. "ಹುಷಾರಪ್ಪಾ, ಪಕ್ಕದಲ್ಲಿ ಹಿಡ್ಕೋಬೇಡಿ."

ರಾಯ್ಕೊ ಹತ್ತಲು ಕಾಲಿಟ್ಟ. ಅವಳು ಅವನ ಮುಖ ನೋಡಲಿಲ್ಲ. "ನೀನು ಬೇರೆ ಲಾರೀಲಿ ಬಾ."

ಲಾರಿ ಹೊರಟಿತು. ಬೀದಿಯಲ್ಲಿದ್ದವರು ಪೆಟ್ಟಿಗೆ ಕಂಡು ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ದೆಸಾಂಕ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದಳು. ಎದುರು ಗುಡ್ಡದ ಬಿಸಿಲು ಬೀಳುವ ಮೈಯಲ್ಲಿ ಹಿಮ ಕರಗಿ, ಅಲ್ಲೊಂದು ಇಲ್ಲೊಂದು ಕಡೆ ಕರಿ ನೆಲ ಕಾಣತೊಡಗಿತ್ತು. ಅವಳು ಒಂದೊಂದು ಕರಿ ಚುಕ್ಕೆಯನ್ನೂ ನೋಡುತ್ತಾ ಹೋದಳು, ತಿರುವು ಬರುವವರೆಗೂ.