ಪೂರ್ಣ ಅರ್ಜಿ

ಸಣ್ಣ ಕಟ್ಟಡ ನಿರ್ಮಿಸುವವರ ಸಂಘದಲ್ಲಿ ಅವಳ ಹುದ್ದೆಗೆ ಸರ್ಕಾರಿ ಸಂಪರ್ಕಾಧಿಕಾರಿ ಎಂಬ ಉದ್ದನೆಯ ಹೆಸರಿತ್ತು. ಸಚಿವಾಲಯದ ಜವಾನನಿಂದ ಹಿಡಿದು ಮಂತ್ರಿಗಳ ಆಪ್ತ ಸಹಾಯಕನವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಮಾತ್ರ ‘ಮನವಿ ಮೇಡಂ’ ಅಂತ. ಹದಿನಾಲ್ಕು ತಿಂಗಳಿಂದ ಒಂದೇ ಮನವಿ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿ ಇಳಿದವಳನ್ನು ಇನ್ನೇನೆಂದು ಕರೆಯುತ್ತಾರೆ? ಕಟ್ಟಿ ಮುಗಿಸಿದ ಮನೆಗೆ ಸ್ವಾಧೀನ ಪತ್ರ, ಅಂದರೆ ಇಲ್ಲಿ ಜನ ವಾಸ ಮಾಡಬಹುದು ಎಂಬ ಅಪ್ಪಣೆ ಕಾಗದ, ಕೇಳಿದರೆ ನಗರಪಾಲಿಕೆ ಕಚೇರಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಪತ್ರ ಸಿಕ್ಕಿತೆಂದೇ ತಿಳಿಯಬೇಕು. ಇಷ್ಟೇ ಅವರ ಬೇಡಿಕೆ. ಇಷ್ಟನ್ನು ಹೇಳಿ ಮುಗಿಸಲು ಒಂದು ಜನ್ಮ ಸಾಲದೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಬರೀ ಸಂಬಳಕ್ಕೆ ದುಡಿಯುವುದಾಗಿದ್ದರೆ ಅವಳೂ ಸಂಜೆಯಾಗುತ್ತಲೇ ಫೈಲು ಮುಚ್ಚಿ ಮನೆಗೆ ಹೋಗುತ್ತಿದ್ದಳು. ಆದರೆ ತಾಪತ್ರಯ ಇದ್ದದ್ದೇ ಮನೆಯಲ್ಲಿ. ಅವಳ ಅಣ್ಣ ತಾನಿದ್ದ ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಎಂಟು ಮನೆಗಳ ಕಟ್ಟಡ ಎಬ್ಬಿಸಿದ್ದ. ಕೆಳಗಿನ ಮನೆ ತನಗೆ, ಮೇಲಿನವು ಕೊಂಡವರಿಗೆ. ಬಣ್ಣ ಬಳಿದು, ನಲ್ಲಿ ಕೂರಿಸಿ, ಬೀಗ ಜಡಿದು ಹನ್ನೊಂದು ತಿಂಗಳಾದರೂ ಸ್ವಾಧೀನ ಪತ್ರದ ಸುದ್ದಿಯಿಲ್ಲ. ಅಲ್ಲಿಯವರೆಗೆ ಅಂತ ಅಣ್ಣ, ಅತ್ತಿಗೆ, ಎರಡು ಮಕ್ಕಳು ಅವಳೊಬ್ಬಳೇ ಇದ್ದ ಎರಡು ಕೋಣೆಯ ಮನೆಗೆ ಬಂದು ಸೇರಿದ್ದರು. ಹದಿನೈದೇ ದಿನ ಅಂದಿದ್ದ ಅಣ್ಣ. ಬೆಳಗಾದರೆ ಒಂದೇ ಬಚ್ಚಲಿನ ಮುಂದೆ ಐದು ಜನ. ಅತ್ತಿಗೆ ಒಳ್ಳೆಯವಳೇ, ಸುಮ್ಮನೆ ಕೂರುವ ಜಾಯಮಾನದವಳಲ್ಲ ಅಷ್ಟೇ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸಿಟ್ಟಿದ್ದಳು. ಉಪ್ಪು ಎಲ್ಲಿದೆ ಅಂತ ಮನೆಯ ಒಡತಿಯೇ ಕೇಳಬೇಕಾದ ಗತಿ. ಅವರಿಗೆ ಅವರ ಮನೆ ಬೇಕಿತ್ತು, ಇವಳಿಗೆ ತನ್ನದು ವಾಪಸ್ ಬೇಕಿತ್ತು.

ಸಂಘದ ಅಧ್ಯಕ್ಷರದ್ದು ಇನ್ನೊಂದು ತಲೆನೋವು. ಮಂತ್ರಿಗಳು ಹತ್ತು ನಿಮಿಷ ಕೊಟ್ಟರೆ ಎಂಟು ನಿಮಿಷ ತಾವು ಕಟ್ಟಿದ ಮೊದಲ ಮನೆಯ ಪುರಾಣ ಬಿಚ್ಚುತ್ತಿದ್ದರು. ಉಳಿದೆರಡು ಫೋಟೊಗೆ ಹೋಗುತ್ತಿತ್ತು. ಅವಳು ಬರೆದುಕೊಟ್ಟ ಒಂದು ಪುಟದ ಟಿಪ್ಪಣಿ ಅವರ ಜೇಬಿನಿಂದ ಮಡಿಕೆ ಬಿಚ್ಚದೆ ಹಾಗೇ ಹಿಂದಿರುಗುತ್ತಿತ್ತು. ಸದಸ್ಯರೇನು ಕಡಿಮೆಯೇ? ಮೂವತ್ತು ದಿನ ಹೆಚ್ಚಾಯಿತು ಅನ್ನುವವನೊಬ್ಬ, ಮರಳಿನ ವಿಷಯವನ್ನೂ ಸೇರಿಸಿ ಅನ್ನುವವನು ಇನ್ನೊಬ್ಬ, ತನ್ನ ಬೀದಿಯ ಚರಂಡಿಯೂ ಅದೇ ಮನವಿಯಲ್ಲಿ ಬರಲಿ ಎಂದು ಹಟ ಹಿಡಿದವನು ಮತ್ತೊಬ್ಬ. ಇದರ ಜೊತೆಗೆ ವಿರೋಧ ಪಕ್ಷದವರನ್ನೂ ಕಾಣಬೇಕು, ಕಂಡದ್ದು ಆಳುವವರ ಕಿವಿಗೆ ಬೀಳಬಾರದು. ಅವಳಿಗೆ ರೋಸಿಹೋಗಿತ್ತು.

ಕಡೆಗೆ ಎಲ್ಲವೂ ಬಂದು ನಿಂತದ್ದು ನಿಯಮದ ಕರಡು ತಿದ್ದುವ ಉಪಕಾರ್ಯದರ್ಶಿಯ ಮೇಜಿನ ಮೇಲೆ. ಕನ್ನಡಕದ ಮೇಲಿನಿಂದ ನೋಡುವ ಆಸಾಮಿ. ನಿಮ್ಮವರು ತರುವುದೆಲ್ಲ ಅರ್ಧಂಬರ್ಧ ಅರ್ಜಿ, ನಕ್ಷೆ ಇದ್ದರೆ ಸಹಿ ಇಲ್ಲ, ಸಹಿ ಇದ್ದರೆ ನಕ್ಷೆ ಇಲ್ಲ, ಅಂಥವಕ್ಕೆಲ್ಲ ನಾವು ದಿನ ಎಣಿಸುತ್ತ ಕೂರಬೇಕೇ ಎಂದು ಆತ ಮೂರನೇ ಸಲ ಮೂಗು ಮುರಿದಾಗ ಅವಳ ತಾಳ್ಮೆ ತಪ್ಪಿತು. ಪೆನ್ನು ತೆಗೆದು, ಕರಡಿನಲ್ಲಿ ‘ಅರ್ಜಿ ಸಲ್ಲಿಸಿದ ಮೂವತ್ತು ದಿನಗಳೊಳಗೆ’ ಎಂದಿದ್ದ ಕಡೆ ಅರ್ಜಿಗೆ ಮುಂಚೆ ಒಂದು ಪದ ಸೇರಿಸಿದಳು. ‘ಪೂರ್ಣ ಅರ್ಜಿ.’ ಈಗಲಾದರೂ ಸಮಾಧಾನವಾಯಿತೇ ಎಂಬ ಧಾಟಿಯಲ್ಲಿ ಕಾಗದವನ್ನು ಅವನತ್ತ ತಳ್ಳಿದಳು. ಆತ ಎರಡು ಸಲ ಓದಿ, ತುಟಿಪಿಟಕ್ಕೆನ್ನದೆ ಸಹಿ ಹಾಕಿದ. ಅವನ ಬಾಯಿ ಮುಚ್ಚಿಸಿಬಿಟ್ಟೆ ಎಂದು ಅವಳು ದಾರಿಯುದ್ದಕ್ಕೂ ಬೀಗಿದಳು.

ನಿಯಮ ಗೆಜೆಟ್‌ನಲ್ಲಿ ಬಂತು. ಅಧ್ಯಕ್ಷರು ಹಾರ ಹಾಕಿಸಿಕೊಂಡರು. ಅಣ್ಣ ಅದೇ ದಿನ, ಒಂದು ಚೂರೂ ಬಿಡದೆ ಎಲ್ಲ ಕಾಗದ ಜೋಡಿಸಿ ಹೊಸ ಅರ್ಜಿ ಕೊಟ್ಟು ಬಂದು, ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತ ಹೋದ. ಕಚೇರಿಯಿಂದ ಹೂಂ ಇಲ್ಲ, ಊಹೂಂ ಇಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ. ಮೂವತ್ತೊಂದನೇ ದಿನ ಅತ್ತಿಗೆ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದಳು. ಪತ್ರ ಸಿಕ್ಕಂತಾಯಿತಲ್ಲ, ಒಂದು ಮುದ್ರೆ ಒತ್ತಿಸಿಕೊಂಡು ಬರುತ್ತೇನೆ ಅಂತ ಅಣ್ಣ ಹೊರಟ.

ಮಧ್ಯಾಹ್ನ ಅವನು ಮುದ್ರೆಯಿಲ್ಲದೆಯೇ ವಾಪಸ್ ಬಂದ. ಮೂವತ್ತು ದಿನ ಇನ್ನೂ ಶುರುವೇ ಆಗಿಲ್ಲವಂತೆ. ಅರ್ಜಿ ಪೂರ್ಣವಾಗಿದೆ ಎಂದು ಕಚೇರಿ ಹೇಳಿದ ದಿನದಿಂದ ಎಣಿಕೆಯಂತೆ. ಏನು ಕಮ್ಮಿಯಾಗಿದೆ ಎಂದರೆ, ನೋಡಬೇಕು. ಯಾವಾಗ ನೋಡುತ್ತೀರಿ ಎಂದರೆ, ನೋಡುವುದಕ್ಕೆ ಇಷ್ಟೇ ದಿನ ಅಂತ ನಿಯಮದಲ್ಲಿ ಎಲ್ಲಿ ಬರೆದಿದೆ ತೋರಿಸಿ. ಅಣ್ಣ ಗೆಜೆಟ್ಟಿನ ಪ್ರತಿಯನ್ನು ಅವಳ ಮುಂದೆ ಮೇಜಿನ ಮೇಲೆ ಹರಡಿ, ಆ ಪದದ ಮೇಲೆ ಬೆರಳಿಟ್ಟ.

“ನೆಟ್ಟಗಿದ್ದ ನಿಯಮಕ್ಕೆ ಇದನ್ನ ತುರುಕಿದ ಪುಣ್ಯಾತ್ಮ ಯಾರು? ಆ ಉಪಕಾರ್ಯದರ್ಶಿನೇ ಇರ್ಬೇಕು, ಅಲ್ವಾ?”

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ವರ್ಷದಿಂದ ತನ್ನ ಮನೆಯ ನೆಲದ ಮೇಲೆ ಹಾಸಿಕೊಂಡು ಮಲಗುವ ಅಣ್ಣನಿಗೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

“ಅಲ್ಲ ಅಣ್ಣ. ನಾನೇ ಬರೆದಿದ್ದು.”

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅತ್ತಿಗೆ ಒಳಗೆ ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ್ದು ಕೇಳಿಸಿತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ರೇಗಿತು.

“ತೆಗೆಸೋಕಾಗಲ್ವಾ?” ಅಂದ ಅಣ್ಣ.

“ಮನವಿ ಕೊಡ್ಬೇಕು. ಕೊಟ್ರೆ, ಈ ಪದ ಕೇಳಿದ್ದು ನೀವೇ ಅಲ್ವಾ ಅಂತಾರೆ. ಫೈಲಲ್ಲಿ ನನ್ನ ಕೈಬರಹ ಇದೆ. ತಪ್ಪು ನಂದೇ ಅಂತ ಬರೆದ್ರೆ ಸಂಘದವ್ರು ನನ್ನ ಕೆಲ್ಸದಲ್ಲಿ ಇಟ್ಕೊಳ್ಳೋದು ಅನುಮಾನ.”

ಬರಿ ಎಂದು ಹೇಳಲು ಅಣ್ಣನಿಗೆ ಬಾಯಿ ಬರಲಿಲ್ಲ, ಬೇಡ ಎಂದು ಹೇಳಲೂ ಬರಲಿಲ್ಲ. ಅವಳು ಚೀಲದಿಂದ ಬಿಳಿ ಹಾಳೆ ತೆಗೆದು, ಮಾನ್ಯರೇ ಎಂದು ಶುರುಮಾಡಿ, ಕಳೆದ ಸಲದ ಕರಡಿನಲ್ಲಿ ಆ ಪದ ಸೇರಿಸಿದವಳು ನಾನು ಎಂದು ಬರೆದಳು. ಅಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

“ಪದ ನೋಡ್ಕೊಂಡು ಬರಿ,” ಅಂದ.