ಅಕ್ಕ ತಂಗಿಗೆ ಒಂದೇ ರಿಪೋರ್ಟು

ನಂಜನಗೂಡಿನ ಹತ್ತಿರದ ತಾಂಡ್ಯದ ನೂಲಿನ ಗಿರಣಿಯಲ್ಲಿ ಚಿಕ್ಕಮಾದಮ್ಮನಿಗೆ ತೂಕದ ಕೆಲಸ. ನೂಲಿನ ಉಂಡೆ ತುಂಬಿದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಓದಿದ್ದು ಏಳನೇ ಕ್ಲಾಸಾದರೂ ಅಂಕಿಯ ವಿಷಯದಲ್ಲಿ ಅವಳ ಕಣ್ಣು ಮೋಸಹೋಗುತ್ತಿರಲಿಲ್ಲ. ತನ್ನೂರು ಹೆಡತಲೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಎಂಟು ಗಂಟೆ ನಿಂತು ದುಡಿದು, ಮನೆಗೆ ಹೋಗಿ ಮುದ್ದೆ ತಿರುವುವ ಗಟ್ಟಿ ಹೆಂಗಸು.

2002ರ ಬೇಸಿಗೆಯಲ್ಲಿ, ಅವಳಿಗೆ ಮೂವತ್ಮೂರು ವರ್ಷವಿದ್ದಾಗ, ಮುಟ್ಟು ಹತ್ತು ಹನ್ನೆರಡು ದಿನವಾದರೂ ನಿಲ್ಲದಾಯಿತು. ಗಂಡ ಚಾಮಯ್ಯ ಅವಳನ್ನು ಟಿ. ನರಸೀಪುರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅವಳ ತವರು ಅಲ್ಲಿಗೆ ಹತ್ತಿರ, ನೋಡಿಕೊಳ್ಳಲು ಅವ್ವ ಇದ್ದಳು. ಡಾಕ್ಟರು ಸ್ಕ್ಯಾನಿಂಗ್ ಮಾಡಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

"ಗರ್ಭಕೋಶದಲ್ಲಿ ಗೆಡ್ಡೆ ಇದೆ. ಬಿಟ್ಟರೆ ಕ್ಯಾನ್ಸರ್ ಆಗುತ್ತೆ. ಎರಡು ಮಕ್ಕಳಾಗಿವೆಯಲ್ಲ, ಇನ್ಯಾಕೆ ಬೇಕು? ನಾಳೆ ತೆಗೆದುಬಿಡೋಣ."

ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ಚಾಮಯ್ಯ ಬೇರೇನೂ ಕೇಳಲಿಲ್ಲ. ಇಂಗ್ಲಿಷಿನ ಹಾಳೆಯೊಂದರ ಕೆಳಗೆ ಚಿಕ್ಕಮಾದಮ್ಮ ಸಹಿ ಹಾಕಿದಳು. ಮರುದಿನ ಆಪರೇಷನ್ ಆಯಿತು.

ಗಾಯ ಮಾಯಿತು, ಮೈ ಮಾತ್ರ ಸರಿಹೋಗಲಿಲ್ಲ. ಚಳಿಗಾಲದಲ್ಲೂ ಮುಖಕ್ಕೆ ಬೆಂಕಿ ಬಡಿದಂತಾಗಿ ಬೆವರು ಸುರಿಯುತ್ತಿತ್ತು. ಮಂಡಿ, ಸೊಂಟ ಹಿಡಿದುಕೊಂಡವು. ಕಾರಣವಿಲ್ಲದೆ ಅಳು ಬರುತ್ತಿತ್ತು. ನರ್ಸಿಂಗ್ ಹೋಮಿಗೆ ಹೋಗಿ ಹೇಳಿದರೆ, "ವಯಸ್ಸಾಗ್ತಾ ಬಂತಲ್ಲಮ್ಮ" ಎಂದು ಡಾಕ್ಟರು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಅವಳು ಅದನ್ನೂ ನಂಬಿದಳು.

ಮಾರನೇ ವರ್ಷ ಸಂಕ್ರಾಂತಿ ಕಳೆದ ಮೇಲೆ ತಂಗಿ ರಾಣಿ ಹೆಡತಲೆಗೆ ಬಂದಳು. ಇಪ್ಪತ್ತೈದು ವಯಸ್ಸು, ಮೂರು ವರ್ಷದ ಒಬ್ಬನೇ ಮಗ. ಕೈಯಲ್ಲಿ ಉದ್ದನೆಯ ಕವರು ಹಿಡಿದಿದ್ದಳು.

"ಅಕ್ಕ, ನಂಗೂ ಗೆಡ್ಡೆ ಅದೆಯಂತೆ. ನಿಂಗೆ ಆಪ್ರೇಸನ್ ಮಾಡುದ್ರಲ್ಲ, ಅದೇ ಡಾಕ್ಟ್ರು ಸೋಮವಾರ ಬಾ, ಗರ್ಭಚೀಲ ತೆಗೀತೀನಿ ಅಂದವ್ರೆ. ಆಸ್ಪತ್ರೇಲಿ ನನ್ಜೊತೆ ಇರಕ್ಕೆ ನೀನು ಬತ್ತೀಯಾ?"

"ಒಟ್ಟೆನೋವು ಅಂತ ತಾನೇ ಓಗಿದ್ದು ನೀನು?"

"ಊಂ ಕಣಕ್ಕ, ಅಷ್ಟೇಯ."

ಚಿಕ್ಕಮಾದಮ್ಮ ಕವರು ಬಿಚ್ಚಿ ರಿಪೋರ್ಟು ನೋಡಿದಳು. ಇಂಗ್ಲಿಷು ತಿಳಿಯದಿದ್ದರೂ ನಡುವೆ ಅಂಕಿಗಳಿದ್ದವು. ಹನ್ನೊಂದು ಪಾಯಿಂಟ್ ಎರಡು, ಆರು ಪಾಯಿಂಟ್ ನಾಲ್ಕು, ಐದು ಪಾಯಿಂಟ್ ಒಂದು. ಕೆಳಗಿನ ಸಾಲಿನಲ್ಲಿ ಮೂರು ಪಾಯಿಂಟ್ ಎಂಟು. ಎಲ್ಲೋ ಕಂಡ ಅಂಕಿಗಳು. ಎದ್ದು ಹೋಗಿ ಟ್ರಂಕಿನ ತಳದಿಂದ ತನ್ನ ರಿಪೋರ್ಟು ತಂದು ಪಕ್ಕದಲ್ಲಿಟ್ಟಳು. ಹೆಸರು, ವಯಸ್ಸು, ತಾರೀಕು ಬಿಟ್ಟರೆ ಎರಡಕ್ಕೂ ಒಂದೇ ಒಂದು ಚುಕ್ಕೆಯ ವ್ಯತ್ಯಾಸವೂ ಇರಲಿಲ್ಲ.

ಗಿರಣಿಯಲ್ಲಿ ಇದನ್ನು ಅವಳು ಹಲವು ಸಲ ಕಂಡಿದ್ದಳು. ಸಾಲಾಗಿ ಹತ್ತು ಪೆಟ್ಟಿಗೆಗೆ ಗ್ರಾಂ ಸಹಿತ ಒಂದೇ ತೂಕ ಬರೆದಿದ್ದರೆ, ಆ ಪಾಳಿಯವನು ತಕ್ಕಡಿ ಮುಟ್ಟಿಲ್ಲವೆಂದೇ ಅರ್ಥ. ಅವಳಿಗೆ ವಿಚಿತ್ರವಾದ ಒಂದು ನಿರಾಳ ಅನ್ನಿಸಿತು. ಏಳು ತಿಂಗಳಿಂದ ತನ್ನ ಮೈಯಲ್ಲೇ ಏನೋ ದೋಷವಿದೆ ಎಂದುಕೊಂಡಿದ್ದಳಲ್ಲ, ದೋಷ ಇದ್ದದ್ದು ಬೇರೆ ಕಡೆ.

"ಸೋಮವಾರ ಓಗದು ಬ್ಯಾಡ. ನಾಳೆ ಮೈಸೂರ್ಗೆ ನಡಿ," ಎಂದಳು.

ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಇಂದ್ರಾಣಿ ಎಂಬುವರು ಇಬ್ಬರನ್ನೂ ನೋಡಿದರು. ರಾಣಿಯ ಸ್ಕ್ಯಾನಿಂಗ್ ಮುಗಿಸಿ ನಕ್ಕರು. "ಗೆಡ್ಡೆ ಗಿಡ್ಡೆ ಏನೂ ಇಲ್ಲ. ಸೋಂಕಾಗಿದೆ, ಹದಿನೈದು ದಿನ ಮಾತ್ರೆ ತಗೊಂಡರೆ ಹೋಗುತ್ತೆ." ಚಿಕ್ಕಮಾದಮ್ಮನ ಸರದಿ ಬಂದಾಗ ಅವರ ನಗು ಅಡಗಿತು. "ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದಾರಲ್ಲ. ನಿಮಗೆ ಹೇಳಿದ್ರಾ?"

"ಅಂಗಂದ್ರೇನು ಮೇಡಮ್?"

ಡಾಕ್ಟರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಮೈಯ ಕಾವು, ಮೂಳೆಯ ಬಲ ಕಾಯುವುದೆಲ್ಲ ಅಂಡಾಶಯದ ಕೆಲಸ. ಮೂವತ್ಮೂರಕ್ಕೇ ಅದನ್ನು ತೆಗೆದದ್ದರಿಂದ ಈ ಬೆವರು, ಈ ನೋವು. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ ರಿಪೋರ್ಟು ಇದೆಯೇ ಎಂದು ಕೇಳಿದರು. ಇರಲಿಲ್ಲ. ಚಿಕ್ಕಮಾದಮ್ಮ ಆ ಚಿತ್ರವನ್ನೇ ನೋಡುತ್ತ ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ನೀವು ಏಳುದ್ದುನ್ನ ಬರ್ದು ಕೊಡ್ತೀರಾ?"

ಇಂದ್ರಾಣಿ ಪೆನ್ನು ತೆಗೆದರು. "ನಾನು ಕಣ್ಣಾರೆ ನೋಡಿದ್ದನ್ನ ಬರೆದು ಕೊಡೋಕೆ ನನಗೇನು ಭಯ?" ಎಂದು ಬರೆದರು.

ನಂಜನಗೂಡು ಕೋರ್ಟಿನ ಎದುರು ವಕೀಲ ಶಿವಮೂರ್ತಿಯವರ ಸಣ್ಣ ಆಫೀಸಿತ್ತು. ಗಿರಣಿಯ ಯೂನಿಯನ್ನಿನ ಕೇಸುಗಳನ್ನು ನೋಡುತ್ತಿದ್ದವರು, ಚಿಕ್ಕಮಾದಮ್ಮನಿಗೆ ಗುರುತಿದ್ದರು. ಎರಡು ರಿಪೋರ್ಟನ್ನೂ ಕನ್ನಡಕ ಏರಿಸಿ ನೋಡಿದರು.

"ದಾರಿ ಮೂರಿದೆಯಮ್ಮ. ಪೊಲೀಸ್ ಕಂಪ್ಲೇಂಟ್ ಕೊಡಬಹುದು, ಆದರೆ ಅದು ಬಲು ನಿಧಾನ, ಸಾಬೀತು ಮಾಡೋದೂ ಕಷ್ಟ. ಮೆಡಿಕಲ್ ಕೌನ್ಸಿಲ್‌ಗೆ ಬರೆದರೆ ಡಾಕ್ಟರ ಲೈಸೆನ್ಸಿನ ಮೇಲೆ ಕ್ರಮ ತಗೋತಾರೆ. ಮೈಸೂರಿನ ಗ್ರಾಹಕರ ವೇದಿಕೆಗೆ ಹೋದರೆ ನಿಮಗೆ ಪರಿಹಾರ ಸಿಗುತ್ತೆ. ದುಡ್ಡು ಕೊಟ್ಟು ಚಿಕಿತ್ಸೆ ತಗೊಂಡಿದ್ದೀರಿ, ನೀವೂ ಗ್ರಾಹಕರೇ. ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು. ನಿಮಗಿನ್ನೂ ಟೈಮಿದೆ."

"ಪೊಲೀಸು ಆಮೇಲೆ ನೋಡ್ಮ ಸಾ. ಮಿಕ್ಕಿದ್ದೆರಡೂ ಮಾಡಿ."

"ಮೊದಲು ಆಸ್ಪತ್ರೆಯ ದಾಖಲೆ ಬೇಕು. ಅರ್ಜಿ ಬರೆದುಕೊಡ್ತೀನಿ. ಕೇಳಿದ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು ಅಂತ ಹೋದ ವರ್ಷ ನಿಯಮ ಬಂದಿದೆ."

ಅರ್ಜಿಯನ್ನು ಅವಳೇ ನರ್ಸಿಂಗ್ ಹೋಮಿಗೆ ತೆಗೆದುಕೊಂಡು ಹೋದಳು. ಕೌಂಟರಿನವನು ಹಳೇ ಫೈಲು ಇಲ್ಲವೆಂದ. "ಇಲ್ಲ ಅಂತಾನೇ ಬರ್ದು ಸೀಲ್ ಆಕ್ಕೊಡಪ್ಪ" ಎಂದಳು. ಅವನು ಒಳಗೆ ಹೋಗಿ ಬಂದು ಮೂರು ದಿನ ಬಿಟ್ಟು ಬರಲು ಹೇಳಿದ. ಮೂರನೇ ದಿನ ಫೈಲಿನ ಜೆರಾಕ್ಸ್ ಸಿಕ್ಕಿತು. ಅವಳು ಸಹಿ ಹಾಕುವಾಗ ಖಾಲಿ ಇದ್ದ ಜಾಗದಲ್ಲಿ, ಅಂಡಾಶಯ ತೆಗೆಯಲು ಒಪ್ಪಿಗೆ ಎಂದು ಬೇರೆ ಕೈಬರಹದಲ್ಲಿ ತುಂಬಿರುವುದನ್ನು ಶಿವಮೂರ್ತಿ ಓದಿ ತೋರಿಸಿದರು.

ಆ ವಾರವೇ ತವರೂರಿನಿಂದ ಚನ್ನಾಜಮ್ಮ ಎಂಬ ನಲವತ್ತೊಂದರ ಹೆಂಗಸು ರಾಣಿಯ ಜೊತೆ ಬಂದಳು. 1999ರಲ್ಲಿ ಅದೇ ಡಾಕ್ಟರು ಅವಳ ಗರ್ಭಕೋಶ ತೆಗೆದಿದ್ದರು. ಅವಳ ರಿಪೋರ್ಟಿನಲ್ಲೂ ಹನ್ನೊಂದು ಪಾಯಿಂಟ್ ಎರಡು.

ಸುದ್ದಿ ಡಾಕ್ಟರಿಗೆ ಮುಟ್ಟಿತು. ಪಂಚಾಯಿತಿ ಮಾಜಿ ಮೆಂಬರ್ ಬೆಟ್ಟಸ್ವಾಮಿ ಒಂದು ಭಾನುವಾರ ಮನೆಗೆ ಬಂದು ಜಗಲಿಯ ಮೇಲೆ ಕೂತ.

"ಡಾಕ್ಟ್ರು ದೊಡ್ ಮನ್ಸ ಕಣವ್ವ. ಏನೋ ಕೈಯೆತ್ತಿ ಕೊಡ್ತರಂತೆ. ಎಣ್ಣೆಂಗ್ಸು ಕೋರ್ಟು ಕಚೇರಿ ಅಂತ ಅಲೀಬಾರ್ದು."

ಚಾಮಯ್ಯ ಹೆಂಡತಿಯ ಮುಖ ನೋಡಿದ. ಅವಳು ಕಾಫಿ ಲೋಟ ಮುಂದಿಟ್ಟು ಹೇಳಿದಳು: "ಆಗ್ಲಿ ಮಾವ. ಸುಳ್ಳು ರಿಪೋರ್ಟು ಬರ್ದು ಆಪ್ರೇಸನ್ ಮಾಡ್ದೆ ಅಂತ ಒಂದು ಕಾಗ್ದದಲ್ಲಿ ಬರ್ದು ಸೈನ್ ಆಕುಸ್ಕೊಬನ್ನಿ. ಆಮೇಲೆ ರಾಜಿ ಮಾತಾಡ್ಮ."

ಬೆಟ್ಟಸ್ವಾಮಿ ಮತ್ತೆ ಬರಲಿಲ್ಲ. ಅಲ್ಲಿಯವರೆಗೆ ಅಳುಕುತ್ತಿದ್ದ ಚಾಮಯ್ಯ ಮರುದಿನ ತಾನೇ ಫೈಲು ಕಂಕುಳಲ್ಲಿ ಇಟ್ಟುಕೊಂಡು ವೇದಿಕೆಗೆ ದೂರು ಕೊಡಲು ಅವಳ ಜೊತೆ ಮೈಸೂರಿನ ಬಸ್ಸು ಹತ್ತಿದ.

ವಿಚಾರಣೆ ವರ್ಷಕ್ಕೂ ಮೀರಿ ಎಳೆಯಿತು. ವಾಯಿದೆಯ ದಿನಗಳಲ್ಲಿ ಅವಳು ಗಿರಣಿಗೆ ರಜೆ ಹಾಕಿ ಹೋಗುತ್ತಿದ್ದಳು, ಒಂದನ್ನೂ ತಪ್ಪಿಸಲಿಲ್ಲ. ಡಾಕ್ಟರ ಪರ ವಕೀಲರು ಪ್ರಶ್ನೆ ಕೇಳಿದ ದಿನ ವೇದಿಕೆಯ ಹಾಲ್ ತುಂಬಿತ್ತು.

"ನೀವೇನು ಡಾಕ್ಟರಾ?"

"ಅಲ್ಲ ಸಾ. ತೂಕ ಮಾಡೋಳು."

"ಒಪ್ಪಿಗೆ ಪತ್ರದಲ್ಲಿರೋದು ನಿಮ್ಮದೇ ಸಹಿ ತಾನೇ?"

"ಸಹಿ ನಂದೇಯ. ಅದ್ರ ಮ್ಯಾಲೆ ಬರ್ದಿರೋದು ನಂದಲ್ಲ, ನಂಗೆ ಓದಿ ಯಾರೂ ಏಳ್ಲಿಲ್ಲ."

"ನೀವಿಬ್ಬರೂ ಅಕ್ಕತಂಗಿಯರು. ಒಂದೇ ಅಳತೆ ಇರಬಾರದು ಅಂತ ಏನಿದೆ?"

"ಅಕ್ಕತಂಗೀರ್ಗೆ ಮೂಗು ಒಂದೇ ತರ ಇರ್ಬೋದು ಸಾ. ಮಿಲಿಮೀಟ್ರು ಗಂಟ ಒಟ್ಟೆ ಒಳ್ಗಿರದೆಲ್ಲ ಒಂದೇ ಆಗಕಿಲ್ಲ. ಮೈಸೂರಲ್ಲಿ ನೋಡುದ್ರೆ ನನ್ ತಂಗೀಗೆ ಗೆಡ್ಡೆನೇ ಇಲ್ಲ. ಆ ಚನ್ನಾಜಮ್ಮ ನಮ್ಗೆ ನೆಂಟ್ರೂ ಅಲ್ಲ, ಅವಳ್ಗೂ ಅದೇ ಅಳತೆ ಯಾಕ್ ಬಂತು ಅಂತ ಡಾಕ್ಟ್ರನ್ನೇ ಕೇಳಿ."

ವೇದಿಕೆಯ ಮಹಿಳಾ ಸದಸ್ಯರು ಮೂರು ರಿಪೋರ್ಟನ್ನೂ ಸಾಲಾಗಿ ಇಟ್ಟು ಬೆರಳಿಟ್ಟು ಓದಿದರು. ತಲೆಯೆತ್ತಿ ಡಾಕ್ಟರ ವಕೀಲರನ್ನು ಕೇಳಿದರು: "ತೆಗೆದ ಭಾಗವನ್ನು ಯಾವ ಲ್ಯಾಬಿಗೆ ಕಳಿಸಿದ್ದೀರಿ?" ವಕೀಲರು ಹಿಂದಕ್ಕೆ ತಿರುಗಿ ತಮ್ಮ ಕಕ್ಷಿದಾರರನ್ನು ನೋಡಿದರು. ಡಾಕ್ಟರು ನೆಲ ನೋಡುತ್ತಿದ್ದರು. ಚಿಕ್ಕಮಾದಮ್ಮನಿಗೆ ಆಗಲೇ ಗೊತ್ತಾಯಿತು, ಕೇಸು ತಮ್ಮ ಕಡೆ ತಿರುಗಿತೆಂದು.

2004ರ ಕೊನೆಗೆ ತೀರ್ಪು ಬಂತು. ಅನಗತ್ಯ ಶಸ್ತ್ರಚಿಕಿತ್ಸೆ, ಸುಳ್ಳು ವರದಿ, ತಿಳಿಸದೆ ಪಡೆದ ಒಪ್ಪಿಗೆ ಮೂರೂ ರುಜುವಾತಾಗಿವೆ. ಪರಿಹಾರವನ್ನೂ ಮುಂದಿನ ಚಿಕಿತ್ಸೆಯ ಖರ್ಚನ್ನೂ ಕೊಡಬೇಕು ಎಂದಿತ್ತು. ಡಾಕ್ಟರು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಿ ಅಲ್ಲೂ ಸೋತರು. ಕೌನ್ಸಿಲ್ ಒಂದು ವರ್ಷ ಅವರ ನೋಂದಣಿಯನ್ನು ಅಮಾನತಿನಲ್ಲಿಟ್ಟಿತು. ಚನ್ನಾಜಮ್ಮನ ಎರಡು ವರ್ಷದ ಗಡುವು ಯಾವತ್ತೋ ಮುಗಿದಿತ್ತು. ಮೋಸ ತಿಳಿದದ್ದೇ ಈಗ ಎಂದು ಶಿವಮೂರ್ತಿ ತಡಕ್ಕೆ ಕಾರಣ ಕೊಟ್ಟು ಅರ್ಜಿ ಹಾಕಿದರು. ವೇದಿಕೆ ಅದನ್ನು ಒಪ್ಪಿತು.

ಹೋದದ್ದು ವಾಪಸು ಬರಲಿಲ್ಲ. ಇಂದ್ರಾಣಿ ಬರೆದುಕೊಟ್ಟ ಮಾತ್ರೆಯಿಂದ ಬೆವರು ಕಮ್ಮಿಯಾಯಿತು, ಮಂಡಿನೋವು ಉಳಿಯಿತು. ಗಿರಣಿಯಲ್ಲಿ ಕೂತು ಕೆಲಸ ಮಾಡಲು ಸ್ಟೂಲು ಕೇಳಿ ಹಾಕಿಸಿಕೊಂಡಳು. ರಾಣಿಗೆ ಎರಡನೆಯದು ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಅಕ್ಕನ ಮನೆಗೇ ಬಂದಳು.

ಆ ದಿನಗಳಲ್ಲೇ ಒಂದು ಭಾನುವಾರ, ದೇವನೂರಿನಿಂದ ಕೆಂಪಾಜಮ್ಮ ಎಂಬುವಳು ವಿಳಾಸ ಕೇಳಿಕೊಂಡು ಬಂದಳು. ಬೇರೆ ಊರು, ಬೇರೆ ಆಸ್ಪತ್ರೆ, ಕೈಯಲ್ಲಿ ಅಂಥದೇ ಉದ್ದನೆಯ ಕವರು. ನಡುಮನೆಯಲ್ಲಿ ಕೂತವಳು ಮಾತು ಶುರುಮಾಡುವ ಮೊದಲೇ ಅಳತೊಡಗಿದಳು. ಚಿಕ್ಕಮಾದಮ್ಮ ನೀರು ಕೊಟ್ಟು, ಅವಳು ಸುಧಾರಿಸಿಕೊಳ್ಳುವವರೆಗೆ ಕಾದಳು.

"ಆಪ್ರೇಸನ್ ಆಗಿ ಎಷ್ಟು ದಿವ್ಸ ಆಯ್ತವ್ವ?"

"ಬರೋ ಯುಗಾದಿಗೆ ಒಂದೊರ್ಸ ಕಣಕ್ಕ."

"ಅಂಗಾದ್ರೆ ಬೇಕಾದಷ್ಟು ಟೇಮ್ ಅದೆ. ಕಣ್ಣೊರುಸ್ಕೊ. ಎಲ್ಡು ಮುದ್ದೆ ಉಂಡು ಇಲ್ಲೇ ಮನೀಕೊ, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಮೈಸೂರ್ಗೆ ಓಗಮ."